ಸೈಕಲ್ಲಿನ ವರನಿಗೆ ಹೆಣ್ಣು ಕೊಡುವವರು ಯಾರು?

ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲೂ ಜನ ಈಗ ಹಿಂದೆಮುಂದೆ ನೋಡುತ್ತಾರೆ ಎಂದು 2025ರಲ್ಲಿ, ಬೆಂಗಳೂರಿನ ಸುರಂಗ ರಸ್ತೆಯನ್ನು ಸಮರ್ಥಿಸುತ್ತ, ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ್ದೇ ತಡ, ಊರೆಲ್ಲ ಅವರ ಮೇಲೆ ಮುಗಿಬಿದ್ದಿತು. ನಾನು ಮಾತ್ರ ಅವರ ಪರ. ಸುರಂಗ ರಸ್ತೆ ಏಕೆ ಬೇಕು ಎಂದು ಕೇಳಿದಾಗಲೆಲ್ಲ ವರದಿ, ನಕ್ಷೆ, ದಟ್ಟಣೆಯ ಲೆಕ್ಕ ಎಂದು ಏನೇನೋ ಹೇಳುತ್ತಿದ್ದರು. ಒಂದೂ ತಲೆಗೆ ಹತ್ತುತ್ತಿರಲಿಲ್ಲ. ಈಗ ಹತ್ತಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ನೆಲ ಕೊರೆಯಲು 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣ ಸುರಿಯಲು ಹೊರಟಿರುವುದು ಕನ್ಯಾಪಿತೃಗಳ ನೆಮ್ಮದಿಗಾಗಿ. ಇಷ್ಟು ದೊಡ್ಡ ಮದುವೆ ದಲ್ಲಾಳಿ ಕೆಲಸವನ್ನು ಜಗತ್ತಿನ ಯಾವ ಸರ್ಕಾರವೂ ಮೈಮೇಲೆ ಹಾಕಿಕೊಂಡಿರಲಾರದು.

ಸುರಂಗದೊಳಗೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಂತೆ. ಬೈಕಿನವನಿಗೇ ಬಾಗಿಲು ಹಾಕಿದ ಮೇಲೆ ಬರೀ ಸೈಕಲ್ಲಿನವನ ಮಾತೇಕೆ? ಸ್ಕೂಟರಿನವನಿಗೆ ಎರಡನೇ ಸಂಬಂಧವಾದರೂ ಕೂಡಿಬಂದೀತು. ಸೈಕಲ್ಲಿನವನ ಜಾತಕವನ್ನು ಬಿಚ್ಚುವವರೇ ಇಲ್ಲ.

ಕಾಲ ಹೇಗೆ ಮಗುಚಿಕೊಂಡಿತು ನೋಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ವರನ ಕಡೆಯವರು ಬಾಯಿಬಿಟ್ಟು ಕೇಳುತ್ತಿದ್ದುದೇ ಸೈಕಲ್ಲು. ಒಂದು ರ‍್ಯಾಲಿ ಸೈಕಲ್ಲು, ಒಂದು ಕೈಗಡಿಯಾರ, ಮಾವನ ಕೈ ಧಾರಾಳವಾಗಿದ್ದರೆ ಒಂದು ರೇಡಿಯೋ. ಕಾಶಿಯಾತ್ರೆಗೆ ಹೊರಟ ವರ ಸೈಕಲ್ಲಿನ ಮಾತು ಖಚಿತವಾದ ಮೇಲೆಯೇ ಛತ್ರಿ ಮಡಚಿದ ಕಥೆ ಬಹಳ ಮನೆಗಳಲ್ಲಿವೆ. ಹೊಸ ಹೆಂಡತಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಟಾಕೀಸಿಗೆ ಹೊರಟರೆ ಪೇಟೆ ಬೀದಿಯೇ ಎದ್ದುನಿಂತು ನೋಡುತ್ತಿತ್ತು. ಪೊಲೀಸಿನವನೂ ನೋಡುತ್ತಿದ್ದ, ಬೇರೆ ಕಾರಣಕ್ಕೆ. ಡಬಲ್ ರೈಡಿಂಗ್ ಅಪರಾಧ. ಕತ್ತಲಾದ ಮೇಲೆ ದೀಪವಿಲ್ಲದಿದ್ದರೆ ಅಪರಾಧ. ಪುರಸಭೆಗೆ ದುಡ್ಡು ಕಟ್ಟಿ ಹಿತ್ತಾಳೆಯ ಬಿಲ್ಲೆ ತಂದು ಸಿಕ್ಕಿಸಿಕೊಳ್ಳದಿದ್ದರೆ ಅದೂ ಅಪರಾಧ. ದಂಡಕ್ಕೆ ಕಾಸಿಲ್ಲ ಎಂದು ಹಲ್ಲುಗಿಂಜಿದರೆ ಪೇದೆ ತಾನೇ ಬಗ್ಗಿ, ವಾಲ್‌ಟ್ಯೂಬ್ ಕಿತ್ತು, ಗಾಳಿ ಪೂರ್ತಿ ಹೋಗುವವರೆಗೆ ಅಲ್ಲಿಯೇ ನಿಂತು, ಮೀಸೆ ಒರೆಸಿಕೊಂಡು ಮುಂದಕ್ಕೆ ಹೋಗುತ್ತಿದ್ದ.

ಈಗ ನೆನೆಸಿಕೊಂಡರೆ ಹೊಟ್ಟೆಕಿಚ್ಚಾಗುತ್ತದೆ. ಸೈಕಲ್ಲನ್ನು ಸರ್ಕಾರ ಎಷ್ಟು ಮರ್ಯಾದೆಯಿಂದ ಹಿಂಸಿಸುತ್ತಿತ್ತು! ಇಂದು ಬೆಂಗಳೂರಿನಲ್ಲಿ ಸೈಕಲ್ಲಿನವನು ಕೆಂಪು ದೀಪ ದಾಟಿ ಹೋದರೂ ಯಾರೂ ಕೈ ಅಡ್ಡ ಹಿಡಿಯುವುದಿಲ್ಲ. ನಂಬರ್ ಪ್ಲೇಟ್ ಇಲ್ಲ, ಕ್ಯಾಮೆರಾಕ್ಕೆ ಲೆಕ್ಕಕ್ಕಿಲ್ಲ, ದಂಡದ ನೋಟಿಸು ಕಳುಹಿಸಲು ವಿಳಾಸವಿಲ್ಲ. ಆದಾಯ ತರದ ಅಪರಾಧಿಯನ್ನು ಯಾರು ಮೂಸಿ ನೋಡುತ್ತಾರೆ?

ವೇಗದ ವಿಷಯಕ್ಕೆ ಬಂದರೆ ಇನ್ನೂ ತಮಾಷೆ. ವಾಹನ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಪಟ್ಟಿಯಲ್ಲಿ ಬೆಂಗಳೂರು ಜಗತ್ತಿಗೇ ಮೂರನೆಯ ನಿಧಾನದ ನಗರ. 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್. ಅಂದರೆ ಗಂಟೆಗೆ ಹದಿನೇಳೂವರೆ ಕಿಲೋಮೀಟರ್. ಹದಿನೈದು ಲಕ್ಷದ ಕಾರು, ಅದಕ್ಕೊಂದು ಸಾಲ, ಸಾಲಕ್ಕೊಂದು ವಿಮೆ, ಇಷ್ಟೆಲ್ಲ ಮಾಡಿ ಅಳಿಯ ಹೋಗುತ್ತಿರುವುದು ಮಾವ ಐವತ್ತು ವರ್ಷದ ಹಿಂದೆ ಕೊಡಿಸುತ್ತಿದ್ದ ಸೈಕಲ್ಲಿನ ವೇಗದಲ್ಲಿ. ಒಂದೇ ವ್ಯತ್ಯಾಸ, ಇಲ್ಲಿ ಎಸಿ ಇದೆ. ಕಾರಿನ ಗಾಜು ಏರಿಸಿ ಕುಳಿತವನನ್ನು ಸಿಗ್ನಲ್ಲಿನಲ್ಲಿ ಸೈಕಲ್ ತುಳಿಯುತ್ತ ಹಿಂದೆ ಹಾಕಿದಾಗ ಅವನ ಮುಖ ನೋಡಬೇಕು. ಅವನಿಗೆ ತಾನು ನಿಂತಿರುವುದಕ್ಕೆ ಸಿಟ್ಟಿಲ್ಲ, ಎದುರಿಗೆ ನಿಂತಿರುವ ಇನ್ನೂರು ಕಾರುಗಳ ಮೇಲೆಯೂ ಇಲ್ಲ. ಸೈಕಲ್ಲಿನವನು ಹೋಗುತ್ತಿದ್ದಾನಲ್ಲ ಎಂಬುದಕ್ಕೆ! ದೀಪ ಹಸಿರಾದ ಮೇಲೆ ಹಿಂದಿನಿಂದ ಬಂದು ಕಿವಿಯ ಹತ್ತಿರ ಹಾರ್ನ್ ಒತ್ತಿ ಆ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಾನೆ.

ನಮ್ಮ ನಗರ ಸೈಕಲ್ಲಿಗೆ ಏನೂ ಮಾಡಿಲ್ಲ ಎಂದು ಮಾತ್ರ ಹೇಳಬೇಡಿ. ಪ್ರಶಸ್ತಿ ತಂದಿದೆ. ಕೊರೊನಾ ಕಾಲದಲ್ಲಿ, 2020ರಲ್ಲಿ, ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಹೊರಟು ಒಂದು ಸೈಕಲ್ ಪಥ ಬಂದಿತ್ತಲ್ಲ, ನೆನಪಿದೆಯೇ? ಬಿಳಿ ಗೆರೆ, ಸೈಕಲ್ಲಿನ ಚಿತ್ರ, ಉದ್ದಕ್ಕೂ ಗೂಟಗಳು. ಸೈಕಲ್ಲಿಗೆ ಅನುಕೂಲ ಮಾಡಿಕೊಡುವ ನಗರಗಳಿಗೆಂದು ಕೇಂದ್ರ ಸರ್ಕಾರ ನಡೆಸಿದ ಸ್ಪರ್ಧೆಯಲ್ಲಿ ಗೆದ್ದ 11 ನಗರಗಳಲ್ಲಿ ಬೆಂಗಳೂರೂ ಒಂದಾಯಿತು. ಆಮೇಲೆ ಐಟಿ ಕಂಪನಿಗಳು ತೆರೆದವು, ಗೂಟಗಳು ಒಂದೊಂದಾಗಿ ಮುರಿದವು, ಮುರಿದ ಕಡೆಯಿಂದ ಬೈಕುಗಳು ನುಗ್ಗಿದವು, ಉಳಿದುದನ್ನು ಮೆಟ್ರೋ ಕಾಮಗಾರಿ ನುಂಗಿತು. ಪಥ ಹೋಯಿತು, ಪ್ರಶಸ್ತಿ ಉಳಿಯಿತು. ಬದುಕಿನಲ್ಲಿ ಒಂದೇ ಉಳಿಯುವುದಾದರೆ ಪ್ರಶಸ್ತಿಯೇ ಉಳಿಯಲಿ; ಅದಕ್ಕೆ ಜಾಗ ಕಡಿಮೆ ಸಾಕು.

ಜಯನಗರದ್ದು ಇನ್ನೂ ಹಳೆಯ ಕಥೆ. 2012ರ ಸುಮಾರಿಗೆ ಅಲ್ಲಿ ಸೈಕಲ್ ಪಥಗಳನ್ನು ಮಾಡಿದರು. ಹೋಗಿ ನೋಡಿ, ಇಂದಿಗೂ ಕೆಲವು ಕಡೆ ಗುರುತು ಸಿಗುತ್ತದೆ. ಬೂದು ಹೊದಿಕೆ ಹೊದ್ದ ಒಂದು ಕಾರು, ಹೊದಿಕೆಯ ಮೇಲೆ ಹೋದ ವರ್ಷದ ಎಲೆ, ಚಕ್ರದ ಬುಡದಲ್ಲಿ ಮರಿ ಹಾಕಿದ ನಾಯಿ. ಆ ಕಾರಿನ ಮುಂದಿನ ಚಕ್ರದಿಂದ ಅರ್ಧ ಅಡಿ ಆಚೆ ಬಿಳಿ ಬಣ್ಣದ ಸೈಕಲ್ಲಿನ ಹ್ಯಾಂಡಲ್ ಮಾತ್ರ ಕಾಣುತ್ತದೆ. ಉಳಿದ ಸೈಕಲ್ಲು ಕಾರಿನಡಿಯಲ್ಲಿದೆ. ಸೈಕಲ್ ಪಥದಲ್ಲಿ ಮೋಟಾರು ವಾಹನ ಓಡಿಸಬಾರದು ಎಂದು 1989ರ ರಸ್ತೆ ನಿಯಮಗಳಲ್ಲಿಯೇ ಬರೆದಿತ್ತು. ನಮ್ಮ ಜನ ಕಾನೂನು ಮೀರುವವರಲ್ಲ. ಓಡಿಸಲಿಲ್ಲ, ನಿಲ್ಲಿಸಿದರು.

ಸೈಕಲ್ಲಿಗೆ ಗೌರವ ಸಿಗುವ ಒಂದು ದಿನವಿದೆ, ಭಾನುವಾರ. ಅಂದು ಬೆಳಗಿನ ಜಾವ ನಂದಿ ಬೆಟ್ಟದ ದಾರಿಯಲ್ಲಿ ನಿಂತರೆ ಲಕ್ಷಾಂತರ ಬೆಲೆಯ ಸೈಕಲ್ಲುಗಳು ಬರುತ್ತವೆ, ಕಾರಿನ ಹಿಂಬದಿಗೆ ಕಟ್ಟಿಸಿಕೊಂಡು. ಮೈಗಂಟಿದ ಉಡುಪು, ಕಪ್ಪು ಕನ್ನಡಕ, ಬೆಟ್ಟದ ಬುಡದಲ್ಲಿ ಇಳಿಸಿ, ಹತ್ತಿ, ಫೋಟೊ ತೆಗೆದು, ಇಡ್ಲಿ ತಿಂದು ಮತ್ತೆ ಕಾರಿಗೆ ಕಟ್ಟುತ್ತಾರೆ. ಇವರ ಮೇಲೆ ನನಗೆ ಕೋಪವಿಲ್ಲ. ಊರೊಳಗೆ ತುಳಿದರೆ ಕೈಕಾಲು ಉಳಿಯುವುದಿಲ್ಲ ಎಂದು ಅವರಿಗೂ ಗೊತ್ತು. ಬೆಂಗಳೂರಿನಲ್ಲಿ ಸೈಕಲ್ ತುಳಿಯಬೇಕಾದರೆ ಮೊದಲು ಕಾರು ಇರಬೇಕು, ಅಷ್ಟೇ.

ಈಚೆಗೆ ಒಂದು ಮಾಲ್‌ಗೆ ಸೈಕಲ್ಲಿನಲ್ಲಿ ಹೋಗಿದ್ದೆ. ಪಾರ್ಕಿಂಗ್ ಬಾಗಿಲಲ್ಲಿದ್ದ ಕಾವಲುಗಾರ ತಡೆದ.

“ಸಾರ್, ಇದಕ್ಕೆ ಟಿಕೆಟ್ ಬರುವುದಿಲ್ಲ. ಮೆಷಿನ್ ನಂಬರ್ ಕೇಳುತ್ತದೆ.”

“ಟಿಕೆಟ್ ಇಲ್ಲದೆ ಬಿಡಿ.”

“ಬಿಟ್ಟರೆ ಹೊರಗೆ ಹೋಗುವಾಗ ಟಿಕೆಟ್ ಕೇಳುತ್ತಾರೆ ಸಾರ್.”

ಹೊರಗೆ ನಿಲ್ಲಿಸುತ್ತೇನೆ ಎಂದರೆ ಅಲ್ಲಿ ವಾಹನ ನಿಲ್ಲಿಸುವಂತಿಲ್ಲ. ಇದು ವಾಹನ ಹೌದೋ ಅಲ್ಲವೋ ಎಂದು ಕೇಳಿದೆ. ಬಾಗಿಲ ಒಳಗೆ ಅಲ್ಲ, ಹೊರಗೆ ಹೌದು ಎಂಬುದು ಅವನ ಮಾತಿನ ತಾತ್ಪರ್ಯ. ಹಿಂದೆ ಕಾರುಗಳು ಹಾರ್ನ್ ಹೊಡೆಯತೊಡಗಿದವು. ಕೊನೆಗೆ ಅವನು ಆಚೀಚೆ ನೋಡಿ, ಜನರೇಟರಿನ ಹಿಂದಿನ ಸಂದಿಗೆ ಕರೆದುಕೊಂಡು ಹೋದ. ಅಲ್ಲಿ ಮಡ್‌ಗಾರ್ಡಿಗೆ ತಂತಿ ಬಿಗಿದ, ಸೀಟಿನ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿದ ಒಂದು ಹಳೆಯ ಸೈಕಲ್ಲು ಗೋಡೆಗೆ ಒರಗಿತ್ತು. ಅವನದೇ. “ಇದರ ಪಕ್ಕಕ್ಕೆ ಒರಗಿಸಿ ಸಾರ್, ಸೂಪರ್‌ವೈಸರ್ ಕೇಳಿದರೆ ನಮ್ಮದೇ ಎನ್ನುತ್ತೇನೆ.”

ಇಲ್ಲಿಗೆ ನನ್ನ ತಮಾಷೆ ಮುಗಿಯಿತು. ಈ ಊರಿನಲ್ಲಿ ನಿಜವಾಗಿ ಸೈಕಲ್ ತುಳಿಯುವವರು ಇವರು. ರಾತ್ರಿ ಪಾಳಿ ಮುಗಿಸಿದ ಕಾವಲುಗಾರ, ಫ್ಲಾಸ್ಕ್ ಕಟ್ಟಿಕೊಂಡು ಚಹಾ ಮಾರುವವನು, ಬಣ್ಣದ ಡಬ್ಬ ತೂಗುಹಾಕಿಕೊಂಡ ಪೇಂಟರ್. ಪರಿಸರ, ಇಂಗಾಲ, ಆರೋಗ್ಯ ಎಂಬ ಮಾತುಗಳನ್ನು ಇವರಾರೂ ಆಡುವುದಿಲ್ಲ. ಬಸ್ಸಿಗೆ ದುಡ್ಡಿಲ್ಲ, ಅಥವಾ ಆ ಹೊತ್ತಿಗೆ ಬಸ್ಸಿಲ್ಲ, ಆದ್ದರಿಂದ ತುಳಿಯುತ್ತಾರೆ. ಲಾರಿ ಗುದ್ದಿದರೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು, ಅದರಲ್ಲಿಯೂ ‘ಅಪರಿಚಿತ ಸೈಕಲ್ ಸವಾರ’. ಇವರಿಗಾಗಿ ಯಾವ ಸಚಿವರೂ ಹೆಲ್ಮೆಟ್ ಹಾಕಿಕೊಂಡು ಫೋಟೊಕ್ಕೆ ನಿಲ್ಲುವುದಿಲ್ಲ. ಇದೇ ರಾಜ್ಯ 2006-07ರಿಂದ ಸರ್ಕಾರಿ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತ್ತು. ಹಳ್ಳಿಯ ಹುಡುಗಿಯರು ಹಿಂಡುಹಿಂಡಾಗಿ ಬೆಲ್ಲು ಹೊಡೆಯುತ್ತ ಶಾಲೆಗೆ ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ಕೊರೊನಾ ಬಂದಾಗ ಅದೂ ನಿಂತಿತು. ಎರಡು ಚಕ್ರಕ್ಕೆ ಏನು ಮಾಡಲು ಸಾಧ್ಯ ಎಂಬುದು ಗೊತ್ತಿಲ್ಲದೆ ಹೀಗೆ ಮಾಡುತ್ತಿದ್ದರೆ ಕ್ಷಮಿಸಬಹುದಿತ್ತು. ಗೊತ್ತಿದೆ. ಗೊತ್ತಿದ್ದೂ ನೆಲದ ಮೇಲೆ ಮೂರಡಿ ಬಿಟ್ಟುಕೊಡಲಾಗದವರು ನೆಲದಡಿಯಲ್ಲಿ ಹದಿನೇಳು ಕಿಲೋಮೀಟರ್ ಕೊರೆಯುತ್ತೇವೆ ಎನ್ನುತ್ತಾರೆ, ಅದೂ ಕಾರುಗಳಿಗೆ.

ಇರಲಿ. ಕಾನೂನು ಬರುತ್ತದಂತೆ. ಕಾಲ್ನಡಿಗೆಯವರಿಗೂ ಸೈಕಲ್ಲಿನವರಿಗೂ ರಸ್ತೆಯ ಮೇಲೆ ಹಕ್ಕು ಕೊಡುವ ಮಸೂದೆಯೊಂದರ ಕರಡನ್ನು ನಮ್ಮ ನಗರ ಭೂಸಾರಿಗೆ ನಿರ್ದೇಶನಾಲಯ ಕೆಲವು ವರ್ಷಗಳ ಹಿಂದೆಯೇ ಸಿದ್ಧಪಡಿಸಿತ್ತು. ಸಭೆ ನಡೆಯಿತು, ಅಭಿಪ್ರಾಯ ಕೇಳಿದರು, ತಿದ್ದಿದರು, ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೊರಟಿತು. ಅದರ ನಡಿಗೆಯನ್ನು ಮಾತ್ರ ದಯವಿಟ್ಟು ಯಾರೂ ಸೈಕಲ್ಲಿನ ವೇಗ ಎಂದು ಕರೆಯಬೇಡಿ. ಅಂದು ಸಿಲ್ಕ್ ಬೋರ್ಡ್ ಬಿಟ್ಟ ಸೈಕಲ್ಲು ಇಷ್ಟು ಹೊತ್ತಿಗೆ ಕಾಶಿ ಮುಟ್ಟಿ ವಾಪಸ್ಸು ಬರುತ್ತಿತ್ತು.