ಚದರಕ್ಕೆ ಎಷ್ಟು ಬಿತ್ತು?

ಮೈಸೂರಿನ ಹೊರವಲಯದಲ್ಲಿ 30×40ರ ನಿವೇಶನ ಇಟ್ಟುಕೊಂಡವನು ಮನೆ ಕಟ್ಟಿಸುತ್ತೇನೆಂದು ಬಾಯಿಬಿಟ್ಟರೆ ಸಾಕು, ಸಲಹೆಗಾರರಿಗೆ ಬರಗಾಲವಿರುವುದಿಲ್ಲ. ಎಲ್ಲರ ಮಾತೂ ‘ಚದರಕ್ಕೆ ಎಷ್ಟು’ ಎಂಬಲ್ಲಿಂದಲೇ ಹೊರಡುತ್ತದೆ. ನೂರು ಚದರಡಿಗೆ ಒಂದು ಚದರ. ಕಟ್ಟುವ ಮನೆ ಎಷ್ಟು ಚದರವೋ ಅಷ್ಟರಿಂದ ದರವನ್ನು ಗುಣಿಸಿದರೆ ಬಜೆಟ್ ಸಿದ್ಧ ಎಂಬುದು ಲೋಕದ ನಂಬಿಕೆ. ಆದರೆ ಆ ದರವನ್ನು ಹೇಳುವವರು ತಾವು ಮನೆ ಕಟ್ಟಿಸಿದ ವರ್ಷದ ದರವನ್ನು ಹೇಳುತ್ತಾರೆಯೇ ಹೊರತು ಇವತ್ತಿನದನ್ನಲ್ಲ. ಅದೂ ಸಾಲದೆಂಬಂತೆ, ದುಬಾರಿಗೆ ಕಟ್ಟಿಸಿದವನೆಂಬ ಹೆಸರು ಯಾರಿಗೂ ಬೇಡವಾದ್ದರಿಂದ, ಕಾಂಪೌಂಡು, ಸಂಪು, ಗೇಟು, ಬೋರ್‌ವೆಲ್, ಬಾಗಿಲಿನ ತೇಗ ಇವುಗಳನ್ನೆಲ್ಲ ಮನಸ್ಸಿನಲ್ಲೇ ಕಳೆದು, ಉಳಿದ ಮೊತ್ತವನ್ನು ಚದರಗಳಿಂದ ಭಾಗಿಸಿ, ಬಂದ ಉತ್ತರವನ್ನು ಕೆಳಮುಖವಾಗಿ ಸರಿಮಾಡಿ ಹೇಳುತ್ತಾರೆ. ನನ್ನ ದೊಡ್ಡಪ್ಪನ ಮಗನೊಬ್ಬ ಹೇಳಿದ ದರದಲ್ಲಿ ಇವತ್ತು ಒಂದು ದನದ ಕೊಟ್ಟಿಗೆಯನ್ನೂ ಎಬ್ಬಿಸಲಾಗದು. ಅವನು ಮಾತ್ರ ಅದೇ ದರದಲ್ಲಿ ಗ್ರಾನೈಟ್ ಹಾಸಿದ ಎರಡಂತಸ್ತಿನ ಮನೆಯಲ್ಲಿ ವಾಸವಾಗಿದ್ದಾನೆ.

ನಮ್ಮದು 16 ಚದರದ ಮನೆ. ಗುತ್ತಿಗೆದಾರರು ಚದರಕ್ಕೆ 2 ಲಕ್ಷದ 10 ಸಾವಿರ ಎಂದರು. ಒಟ್ಟು 33 ಲಕ್ಷದ 60 ಸಾವಿರ. ಅಣ್ಣನ ಮಗ ಇದಕ್ಕಾಗಿಯೇ ಎಕ್ಸೆಲ್‌ನಲ್ಲಿ ಒಂದು ಹಾಳೆ ತಯಾರಿಸಿ, ಹಸಿರು ಬಣ್ಣದಲ್ಲಿ ‘ಅಂದಾಜು’, ಕೆಂಪು ಬಣ್ಣದಲ್ಲಿ ‘ವಾಸ್ತವ’ ಎಂದು ಎರಡು ಕಾಲಂಗಳನ್ನು ಇಟ್ಟುಕೊಟ್ಟ. ಕೊನೆಯಲ್ಲಿ ‘ಇತರೆ’ ಎಂಬ ಸಾಲಿಗೆ 50 ಸಾವಿರ ಇಟ್ಟಿದ್ದ. ಆ ಹುಡುಗನಿಗೆ ಇನ್ನೂ ಮದುವೆಯಾಗಿಲ್ಲ.

ಗುತ್ತಿಗೆದಾರರ ಕರಾರುಪತ್ರ ಅತ್ಯಂತ ಪ್ರಾಮಾಣಿಕವಾದ ದಾಖಲೆಯಾಗಿತ್ತು ಎಂಬುದನ್ನು ಒಪ್ಪಲೇಬೇಕು. ಏನೇನು ಸೇರಿದೆ ಎಂಬುದು ಒಂದು ಪುಟದಲ್ಲಿತ್ತು, ಏನೇನು ಸೇರಿಲ್ಲ ಎಂಬುದು ಮೂರು ಪುಟಗಳಲ್ಲಿತ್ತು. ಪಾಯದಿಂದ ಮನೆಯ ನೆಲಮಟ್ಟವಾದ ಪ್ಲಿಂತ್‌ವರೆಗಿನ ಎತ್ತರ ಎರಡು ಅಡಿ ಎಂದು ಅದರಲ್ಲಿ ನಮೂದಾಗಿತ್ತು. ಆದರೆ ನಮ್ಮ ಬಡಾವಣೆಯ ರಸ್ತೆಗೆ ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೆಯೇ ಹೊಸ ಡಾಂಬರು ಸುರಿಯುವ ಪದ್ಧತಿಯಿರುವುದರಿಂದ, ರಸ್ತೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಬಂದು, ನಮ್ಮ ನಿವೇಶನ ಇದ್ದಲ್ಲೇ ಇದ್ದು ತಗ್ಗಾಗಿತ್ತು. ಎರಡು ಅಡಿ ಏರಿಸಿದರೆ ಮನೆ ರಸ್ತೆಯ ಸಮಕ್ಕೆ ಬರುತ್ತದೆ, ಮಳೆಗಾಲದಲ್ಲಿ ರಸ್ತೆಯ ನೀರೂ ಮನೆಯ ಸಮಕ್ಕೆ ಬರುತ್ತದೆ ಎಂದು ಮೇಸ್ತ್ರಿ ವಿವರಿಸಿದರು. ಹಾಗಾಗಿ ಇನ್ನೆರಡು ಅಡಿ. 1200 ಚದರಡಿಗೆ ಎರಡು ಅಡಿಯೆಂದರೆ 2400 ಘನಅಡಿ ಮಣ್ಣು ಎಂದು ನಾನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಮೇಸ್ತ್ರಿ ಅದನ್ನು ಗೌರವದಿಂದ ನೋಡಿ, ಲಾರಿಯಲ್ಲಿ ಬರುವುದು ಸಡಿಲ ಮಣ್ಣು, ನೀರು ಬಿಟ್ಟು ದಿಮ್ಮಸು ಹೊಡೆದ ಮೇಲೆ ಅದು ಕುಗ್ಗುತ್ತದೆ ಎಂದರು. ಮಣ್ಣು ಕುಗ್ಗಿತು. ಟಿಪ್ಪರಿನ ಬಾಡಿಗೆ ಕುಗ್ಗಲಿಲ್ಲ. ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವ ಮೊದಲೇ ‘ಇತರೆ’ ಸಾಲು ಬರಿದಾಗಿತ್ತು. ನಕ್ಷೆ ಮಂಜೂರಾತಿಯ ಶುಲ್ಕ, ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ಶೇಕಡ 1ರ ಸೆಸ್, ತಾತ್ಕಾಲಿಕ ವಿದ್ಯುತ್ ಸಂಪರ್ಕ ಮುಂತಾದವು ಆ ಸಾಲಿನ ಬಾಗಿಲಲ್ಲಿ ಸರದಿ ನಿಂತಿದ್ದವು.

ನಕ್ಷೆಯ ವಿಚಾರವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಎಂಜಿನಿಯರರು ಬರೆದ ನಕ್ಷೆ ಚೆನ್ನಾಗಿತ್ತು. ಈಶಾನ್ಯದಲ್ಲಿ ಸಂಪು, ಆಗ್ನೇಯದಲ್ಲಿ ಅಡುಗೆಮನೆ, ನೈಋತ್ಯದಲ್ಲಿ ಮಲಗುವ ಕೋಣೆ ಎಂಬ ವಾಸ್ತುವಿನ ಬಾಲಪಾಠಗಳನ್ನೆಲ್ಲ ಅವರು ಪಾಲಿಸಿದ್ದರು. ಆದರೆ ಅಮ್ಮ ಅದನ್ನು ಪುರೋಹಿತರಿಗೆ ತೋರಿಸಿದಾಗ ಅವರು ಆಯ ತೆಗೆದರು. ಮನೆಯ ಅಳತೆಯನ್ನು ಶಾಸ್ತ್ರೋಕ್ತವಾಗಿ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷವನ್ನು ನೋಡುವ ಕ್ರಮವಿದು: ಒಂದು ಉಳಿದರೆ ಧ್ವಜಾಯ, ಎರಡಕ್ಕೆ ಧೂಮ, ಮೂರಕ್ಕೆ ಸಿಂಹ, ನಾಲ್ಕಕ್ಕೆ ಶ್ವಾನ, ಐದಕ್ಕೆ ವೃಷಭ, ಆರಕ್ಕೆ ಖರ, ಏಳಕ್ಕೆ ಗಜ, ಏನೂ ಉಳಿಯದಿದ್ದರೆ ಕಾಕ. ಬೆಸಸಂಖ್ಯೆಯವು ಶುಭ, ಸಮಸಂಖ್ಯೆಯವು ಅಶುಭ. ನಮ್ಮ ಮನೆಗೆ ಆರು ಉಳಿಯಿತು. 33 ಲಕ್ಷ ಸುರಿದು ಕತ್ತೆಯ ಆಯದಲ್ಲಿ ಸಂಸಾರ ಮಾಡುವುದೇ ಎಂದು ಅಮ್ಮ ಊಟ ಬಿಟ್ಟು ಕುಳಿತರು. ಕೂದಲೆಳೆಯಲ್ಲಿ ಆನೆ ತಪ್ಪಿಹೋಗಿದೆ, ಒಂದು ಗೋಡೆಯನ್ನು ನಾಲ್ಕು ಇಂಚು ಸರಿಸಿದರೆ ಗಜಾಯ ಸಿದ್ಧಿಸುತ್ತದೆ ಎಂದು ಪುರೋಹಿತರು ದಾರಿ ತೋರಿಸಿದರು.

ಹೊರಗೆ ಸರಿಸೋಣವೆಂದರೆ, ಗಡಿಯಿಂದ ಇಂತಿಷ್ಟು ಜಾಗ ಬಿಡಬೇಕೆಂಬ ಸೆಟ್‌ಬ್ಯಾಕ್‌ನ ನಿಯಮ ಅಡ್ಡ ಬಂತು. ಒಳಗೆ ಸರಿಸಿದರು. ಆ ಗೋಡೆಗೆ ಅಂಟಿಕೊಂಡಿದ್ದದ್ದು ಸ್ನಾನದ ಮನೆ. ನಾಲ್ಕು ಅಡಿ ಅಗಲವಿದ್ದದ್ದು ಮೂರು ಅಡಿ ಎಂಟು ಇಂಚಾಯಿತು. ಬಾಗಿಲು ಒಳಕ್ಕೆ ತೆರೆದರೆ ಕಮೋಡಿಗೆ ಬಡಿಯುತ್ತದೆ ಎಂದು ಹೊರಕ್ಕೆ ತಿರುಗಿಸಿದರು. ಹೊರಕ್ಕೆ ತೆರೆದರೆ ಊಟದ ಮೇಜಿಗೆ ಬಡಿಯುತ್ತದೆ ಎಂದು ಜಾರುವ ಬಾಗಿಲನ್ನು ಗೊತ್ತುಮಾಡಿದರು. ಜಾರುವ ಬಾಗಿಲು ಕರಾರುಪತ್ರದ ಆ ಮೂರು ಪುಟಗಳಲ್ಲಿತ್ತು. ಈಗ ಮನೆಗೆ ಗಜಲಕ್ಷಣವಿದೆ. ಸ್ಥೂಲಕಾಯದ ನಮ್ಮ ಭಾವ ಮಾತ್ರ ಸ್ನಾನದ ಮನೆಗೆ ಓರೆಯಾಗಿ ಪ್ರವೇಶಿಸುತ್ತಾರೆ.

ಸಾಲ ಕೊಟ್ಟ ಬ್ಯಾಂಕಿನವರದು ಇನ್ನೊಂದು ಬಗೆಯ ತರ್ಕ. ಹಣ ಹಂತಹಂತವಾಗಿ ಬಿಡುಗಡೆಯಾಗುತ್ತದೆ, ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟು, ಆದ ಮೇಲೆ ಮೋಲ್ಡಿನ ಕಂತು ಎಂದು ಅವರು. ಕಂತು ಬಂದ ಮೇಲೆ ಮೋಲ್ಡ್ ಎಂದು ಗುತ್ತಿಗೆದಾರರು. ಇಬ್ಬರ ಮಾತೂ ಅವರವರ ಮಟ್ಟಿಗೆ ನ್ಯಾಯವೇ ಆಗಿದ್ದುದರಿಂದ, ಹೆಂಡತಿಯ ಎರಡು ಬಳೆಗಳು ಇಬ್ಬರ ನಡುವೆ ಸೇತುವೆಯಾಗಿ ಅದೇ ಬ್ಯಾಂಕಿನ ಇನ್ನೊಂದು ಕೌಂಟರಿಗೆ ಹೋದವು.

ಕಬ್ಬಿಣ ಬಂದಿಳಿದ ದಿನ ಮಾವನವರು ರಂಗಪ್ರವೇಶ ಮಾಡಿದರು. ಅವರು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅಳೆಯಲಾಗದ ವಸ್ತುವನ್ನು ನಂಬುವವರಲ್ಲ. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರ್ ಸರಳಿನ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ ಎಂಬ ಸೂತ್ರವನ್ನು ಅವರು ಬಾರ್ ಬೆಂಡಿಂಗ್ ಹುಡುಗರಿಗೆ ಪಾಠ ಮಾಡಿದರು. 12 ಮಿಲಿಮೀಟರಿನ ಸರಳು ಮೀಟರಿಗೆ 889 ಗ್ರಾಂ ತೂಗಬೇಕು, 12 ಮೀಟರಿನ ಇಡೀ ಸರಳು 10 ಕಿಲೋ 670 ಗ್ರಾಂ ಆಗಬೇಕು, ಟನ್ನಿಗೆ ಸುಮಾರು 94 ಸರಳು ಬರಬೇಕು. ಹುಡುಗರು ಬೀಡಿ ಆರಿಸಿ ಕೇಳಿದರು. ಆಮೇಲೆ ಮಾವನವರು ಸರಿಯಾಗಿ ಒಂದು ಮೀಟರಿನ ತುಂಡೊಂದನ್ನು ಕತ್ತರಿಸಿಕೊಂಡು, ಅದನ್ನು ಕೊಡೆಯಂತೆ ಕಂಕುಳಲ್ಲಿ ಇರಿಸಿಕೊಂಡು, ಮೂಲೆಯ ತರಕಾರಿ ಅಂಗಡಿಗೆ ಹೋಗಿ, ಬದನೆಕಾಯಿ ತೂಗುತ್ತಿದ್ದ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಅಡ್ಡಲಾಗಿ ಮಲಗಿಸಿದರು. 870 ಗ್ರಾಂ ತೋರಿಸಿತು. ಕಾಯುತ್ತಿದ್ದ ಹೆಂಗಸೊಬ್ಬರು, ಕೆಜಿಗೆ ಎಷ್ಟು ಎಂದು ವಿಚಾರಿಸಿದರಂತೆ.

ಹತ್ತೊಂಬತ್ತು ಗ್ರಾಂ ಕಡಿಮೆ! ಈ ಅಳತೆಯ ಸರಳಿನಲ್ಲಿ ಶೇಕಡ 5ರವರೆಗಿನ ಹೆಚ್ಚುಕಡಿಮೆಗೆ ಭಾರತೀಯ ಮಾನಕವೇ ಅವಕಾಶ ಕೊಟ್ಟಿದೆಯೆಂದು ಎಂಜಿನಿಯರರು ಫೋನಿನಲ್ಲಿ ಸಮಾಧಾನ ಹೇಳಿದರೆ, ಹೆಚ್ಚುಕಡಿಮೆಯಲ್ಲಿ ಕಡಿಮೆಯೊಂದೇ ನಮ್ಮ ಪಾಲಿಗೆ ಏಕೆ ಬರಬೇಕು ಎಂದು ಮಾವನವರು ಕೇಳಿದರು. ಇದಕ್ಕೆ ಮಾನಕದಲ್ಲಿ ಉತ್ತರವಿಲ್ಲ. ಮರುದಿನದಿಂದ ಪ್ರತಿ ಲೋಡಿಗೂ ಅವರು ಹಾಜರು. ಮನೆಯಿಂದ ಸೈಟಿಗೆ ಆಟೋ, ಲೋಡು ಸಮೇತ ಲಾರಿಯನ್ನು ತೂಗುವ ವೇಬ್ರಿಡ್ಜಿಗೆ ಲಾರಿಯ ಹಿಂದೆ ಇನ್ನೊಂದು ಆಟೋ, ಚಾಲಕನಿಗೂ ಕ್ಲೀನರ್‌ಗೂ ಕಾಫಿ ತಿಂಡಿ. ಅವರ ಎಚ್ಚರದಿಂದ ಉಳಿದ ಕಬ್ಬಿಣದ ಬೆಲೆಯನ್ನೂ ಆ ಎಚ್ಚರಕ್ಕೆ ತಗುಲಿದ ಆಟೋ ಬಾಡಿಗೆಯನ್ನೂ ಹೋಲಿಸಿ ನೋಡುವ ಸಾಹಸವನ್ನು ಮನೆಯಲ್ಲಿ ಯಾರೂ ಮಾಡಿಲ್ಲ.

ಮೋಲ್ಡ್ ಹಾಕುವ ದಿನದ ಖರ್ಚೊಂದು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಾಂಡಲಿ ಹೊತ್ತು ತಾರಸಿ ಮುಗಿಸಿದವರಿಗೆ ಮನೆಯವರು ಬಾಡೂಟ ಹಾಕಿಸಬೇಕೆಂಬುದು ಹಳೆಯ ಕ್ರಮ. ನ್ಯಾಯವಾದ ಕ್ರಮವೂ ಹೌದು. ಆದರೆ ನಮ್ಮದು ಈರುಳ್ಳಿಯನ್ನೂ ವಾರದ ದಿನ ನೋಡಿ ಹೆಚ್ಚುವ ಮನೆ. ಕೇಸರಿಬಾತು, ಬಿಸಿಬೇಳೆಬಾತು ಮಾಡಿಸೋಣವೆಂದು ಅಮ್ಮ ಸೂಚಿಸಿದಾಗ ಮೇಸ್ತ್ರಿ ಏನೂ ಆಡಲಿಲ್ಲ, ತಲೆಯೆತ್ತಿ, ಹಸಿ ಕಾಂಕ್ರೀಟನ್ನು ಹೊರುವ ಸೆಂಟ್ರಿಂಗ್ ಹಲಗೆಗಳನ್ನು ಒಮ್ಮೆ ನೋಡಿದರು, ಅಷ್ಟೇ. ಅಮ್ಮ ತಕ್ಷಣ ಕರಗಿ, ಏನು ಬೇಕಾದರೂ ತರಿಸಿಕೊಳ್ಳಲಿ, ತಮ್ಮ ಕಿವಿಗೆ ಮಾತ್ರ ಬೀಳದಿರಲಿ ಎಂದರು. ಅರವತ್ತು ಪ್ಲೇಟ್ ಕೋಳಿ ಬಿರಿಯಾನಿಯ ಬಿಲ್ಲನ್ನು ಯಾವ ಹೆಸರಿನಲ್ಲಿ ಬರೆಯುವುದೆಂದು ಅಣ್ಣನ ಮಗ ಬಹಳ ಯೋಚಿಸಿ, ಕೊನೆಗೆ ‘ಕಾಂಕ್ರೀಟ್ ಗಟ್ಟಿಯಾಗಲು ಸೇರಿಸಿದ ರಾಸಾಯನಿಕ’ ಎಂದು ನಮೂದಿಸಿದ. ಅಮ್ಮ ಈಗಲೂ ತಾರಸಿಗೆ ಬಂದವರಿಗೆಲ್ಲ, ಇದಕ್ಕೆ ಒಳ್ಳೆಯ ಕೆಮಿಕಲ್ ಹಾಕಿಸಿದ್ದಾರೆ ಎಂದು ಹೆಮ್ಮೆಯಿಂದ ಹೇಳುತ್ತಾರೆ.

ಈ ಹಂತಕ್ಕೆ ಬರುವಷ್ಟರಲ್ಲಿ ಮನೆಯವರೆಲ್ಲರಿಗೂ ದುಡ್ಡಿನ ಕಣ್ಣಳತೆ ತಪ್ಪಿಹೋಗಿತ್ತು. ಮನೆ ಕಟ್ಟುವವರ ಬಜೆಟ್ ಮುರಿಯುವುದು ಸಿಮೆಂಟಿನ ಬೆಲೆಯೇರಿಕೆಯಿಂದ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದು ಮುರಿಯುವುದು ಈ ಕಣ್ಣಳತೆಯ ದೋಷದಿಂದ. ಒಂದೇ ಬೆಳಗ್ಗೆ ದೇವರಾಜ ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಜಾಸ್ತಿ ಎಂದು ಮೂರು ಅಂಗಡಿ ಸುತ್ತಿದ ನನ್ನ ಹೆಂಡತಿ, ಅಲ್ಲಿಂದ ನೇರವಾಗಿ ಟೈಲ್ಸ್ ಅಂಗಡಿಗೆ ಹೋಗಿ, ಚದರಡಿಗೆ 55 ರೂಪಾಯಿಯ ಟೈಲ್ ಬದಲು 90 ರೂಪಾಯಿಯದನ್ನು ಆರಿಸಿ, ಇಷ್ಟೆಲ್ಲ ಖರ್ಚಾಗಿರುವಾಗ 35 ರೂಪಾಯಿಯ ಮುಖ ನೋಡುವುದೇ ಎಂದಳು. 35 ರೂಪಾಯಿಯನ್ನು 1500 ಚದರಡಿಯಿಂದ ಗುಣಿಸಿ 52,500 ಎಂದು ನಾನು ಹೇಳಿದರೆ, 40 ಲಕ್ಷದಲ್ಲಿ ಅದು ಯಾವ ಲೆಕ್ಕ ಎಂದು ಅಂಗಡಿಯವರೇ ಉತ್ತರ ಕೊಟ್ಟರು. 40 ಲಕ್ಷ ಎಂಬ ಅಂಕಿ ಅವರಿಗೆ ಹೇಗೆ ಗೊತ್ತಾಯಿತೋ ತಿಳಿಯದು. ನಮಗೇ ಆಗ ಇನ್ನೂ ಗೊತ್ತಾಗಿರಲಿಲ್ಲ.

ಮುಂಬಾಗಿಲಿಗೆ ಮತ್ತಿ ಮರ ಸಾಕೆಂದು ನಿರ್ಧಾರವಾಗಿದ್ದದ್ದು ತೇಗವಾಯಿತು. ತೇಗವಾದ ಮೇಲೆ ಕೆತ್ತನೆಯಿಲ್ಲದಿದ್ದರೆ ಹೇಗೆ ಎಂದಾಯಿತು. ಗಜಾಯದ ಮನೆಯೆಂದು ತಿಳಿದ ಬಡಗಿ ಎರಡು ಆನೆಗಳನ್ನೇ ಕೆತ್ತಿದ. ಆನೆಯೊಂದಕ್ಕೆ ಪ್ರತ್ಯೇಕ ಮಜೂರಿ. ಕರೆಂಟಿನವರು ಪ್ಲಗ್ ಪಾಯಿಂಟಿಗೆ ಇಷ್ಟೆಂದು ದರ ಹೇಳಿದ್ದರಿಂದ, ಮನೆಯ ಸದಸ್ಯರು ತಾವು ಯಾವ ಯಾವ ಗೋಡೆಯ ಬಳಿ ಕುಳಿತು ಮೊಬೈಲ್ ಚಾರ್ಜ್ ಮಾಡಬಹುದೆಂದು ಕಲ್ಪಿಸಿಕೊಳ್ಳುತ್ತ ಸೀಮೆಸುಣ್ಣ ಹಿಡಿದು ಓಡಾಡಿದರು. ಆಷಾಢ ಬಂತೆಂದು ಪೂಜೆಗಳು ನಿಂತವು, ಮೇಸ್ತ್ರಿಯ ಊರಿನಲ್ಲಿ ಜಾತ್ರೆ ಬಂತೆಂದು ಕೆಲಸವೂ ನಿಂತಿತು. ಬಾಡಿಗೆ ಮನೆಯ ಬಾಡಿಗೆ ಮಾತ್ರ ಎಂದೂ ನಿಲ್ಲಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಾಗ ಬಂಧುಬಳಗದವರು ಫೋನ್ ಮಾಡಿ ಅಭಿನಂದಿಸಿದರು. ನಮ್ಮ ಕಾಂಪೌಂಡಿನ ಪ್ಲಾಸ್ಟರಿಂಗ್ ಅದೇ ತಿಂಗಳ ಮೊದಲ ವಾರ ಮುಗಿದಿತ್ತು.

ಗೃಹಪ್ರವೇಶ ಸಾಂಗವಾಗಿ ಆಯಿತು. ಬಂದವರು ಪಾಯಸ ಚಪ್ಪರಿಸುತ್ತ ಚದರಕ್ಕೆ ಎಷ್ಟು ಬಿತ್ತು ಎಂದು ಕೇಳಿದರು. ನಾನು ಕಾಂಪೌಂಡು, ಸಂಪು, ಮಣ್ಣು, ಆನೆಗಳು, ರಾಸಾಯನಿಕ ಇವನ್ನೆಲ್ಲ ಕಳೆದು ಒಂದು ಗೌರವಾನ್ವಿತ ಮೊತ್ತವನ್ನು ಹೇಳಿದೆ. ಅದನ್ನು ಬರೆದುಕೊಂಡ ಒಬ್ಬರು ಯುಗಾದಿಯ ಹೊತ್ತಿಗೆ ಪಾಯ ತೆಗೆಸುವವರಿದ್ದಾರೆ.

ಈಗ ಉಳಿದಿರುವ ಪ್ರಶ್ನೆ ಉಳಿಕೆಯ ಸಾಮಾನಿನದು. ಅಂಗಳದ ಮೂಲೆಯಲ್ಲಿ ಅರ್ಧ ಟ್ರ್ಯಾಕ್ಟರ್ ಎಂ ಸ್ಯಾಂಡ್, ಒಂದಷ್ಟು ಸಾಲಿಡ್ ಬ್ಲಾಕು, ಎರಡು ಪೆಟ್ಟಿಗೆ ಟೈಲ್ಸ್ ಬಿದ್ದಿವೆ. ಬೀದಿನಾಯಿಯೊಂದು ಮರಳಿನ ಮೇಲೆ ಸಂಸಾರ ಹೂಡಿದೆ. ತಂದವರು ವಾಪಸ್ ಒಯ್ಯುವುದಿಲ್ಲ, ಎಸೆಯಲು ಮನಸ್ಸು ಬರುವುದಿಲ್ಲ. ಹೇಗೂ ಸಾಮಾನು ಇರುವುದರಿಂದ ಖರ್ಚಿಲ್ಲದೆ ಒಂದು ತುಳಸಿಕಟ್ಟೆ ಆಗುತ್ತದೆಂದು ಅಮ್ಮ ಹೇಳಿದರು. ಬರೀ ಕಟ್ಟೆ ಬೋಳುಬೋಳಾಗಿ ಕಾಣುತ್ತದೆ, ಸುತ್ತ ಎರಡು ಮೆಟ್ಟಿಲು, ಮೇಲೊಂದು ಚಿಕ್ಕ ಮಂಟಪ ಇದ್ದರೆ ಲಕ್ಷಣ ಎಂದು ಮೇಸ್ತ್ರಿ ಅಂದರು. ಮಂಟಪಕ್ಕೆ ನಾಲ್ಕು ಸರಳು ಬೇಕಾಗುತ್ತದೆ ಎಂದಾಗ ಮಾವನವರ ಕಣ್ಣು ಅರಳಿತು. ಸಿಮೆಂಟ್ ಎರಡು ಮೂಟೆ ತರಬೇಕಾಗುತ್ತದಲ್ಲ ಎಂದು ನಾನು ಆಕ್ಷೇಪಿಸಿದರೆ, ತೆರಿಗೆ ಇಳಿದ ಮೇಲೆ ನಾವು ಒಂದು ಮೂಟೆಯನ್ನೂ ಕೊಂಡಿಲ್ಲ, ಲಾಭ ಮಾಡಿಕೊಳ್ಳಲು ಇದೇ ಸಮಯ ಎಂದು ಹೆಂಡತಿ ವಾದಿಸಿದಳು. ಕಟ್ಟೆಗೂ ಆಯ ನೋಡಬೇಕೇ ಎಂದು ಕೇಳಲು ಅಮ್ಮ ಪುರೋಹಿತರಿಗೆ ಫೋನ್ ಹಚ್ಚಿದ್ದಾರೆ. ಮೇಸ್ತ್ರಿ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಗೋಡೆಗೆ ಒತ್ತಿ ಹಿಡಿದುಕೊಳ್ಳಿ ಸಾರ್ ಎಂದಿದ್ದಾರೆ.