ಮಾಕುಟ್ಟದ ಆಚೆಯ ದಾರಿ ಕೊಡಗಿಗೆ ಬೇಕೇ?

ಕೇರಳದ ಎಡ ಸರ್ಕಾರ ಮಾಡಿದಂತೆ ಕೊಡಗಿನಲ್ಲೂ ಸರ್ಕಾರವೇ ಮುಂದೆ ನಿಂತು ಆಸ್ಪತ್ರೆ ನಡೆಸಬೇಕೇ? ಪರ, ವಿರೋಧ ಎರಡೂ ಮಾತು ಇಲ್ಲಿವೆ.

ಪರ

ದಕ್ಷಿಣ ಕೊಡಗಿನ ಒಂದು ತೋಟದಲ್ಲಿ ಕೂಲಿಯವರ ಲೈನ್ ಮನೆ. ಜ್ವರ ಬಂದ ಹೆಂಗಸು ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಕೆಲಸ ಮುಗಿಸಿ ಹೋದರೆ ಡಾಕ್ಟರಿಲ್ಲ. ಕೊನೆಗೆ ಮೆಡಿಕಲ್ ಶಾಪಿನಲ್ಲಿ ಎರಡು ಮಾತ್ರೆ ಕೊಂಡು, ಕಂಬಳಿ ಹೊದ್ದು ಮಲಗುತ್ತಾಳೆ.

ಗಡಿಯೂರು ಮಾಕುಟ್ಟ ದಾಟಿದರೆ ಕೇರಳ. ಅಲ್ಲಿನ ಎಡ ಸರ್ಕಾರ 2017ರಲ್ಲಿ ‘ಆರ್ದ್ರಂ’ ಅನ್ನುವ ಆರೋಗ್ಯ ಯೋಜನೆ ಶುರು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರ ಮಾಡಿ, ಸಂಜೆ 6ರವರೆಗೆ ಒಪಿಡಿ (ಹೊರರೋಗಿ ವಿಭಾಗ) ತೆರೆದಿಡಲು ಹೊರಟಿತು. ಕೂಲಿಯವರಿಗೆ ಬಿಡುವಾಗುವ ಹೊತ್ತು ಯಾವುದು ಅಂತ ಯಾರೋ ಯೋಚಿಸಿದ್ದಾರೆ, ಅಲ್ವಾ?

ಖಾಸಗಿಯವರು ಮಾಡಲಿ ಅನ್ನುವವರು ಒಮ್ಮೆ ಲೆಕ್ಕ ಹಾಕಲಿ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ ಸುಮಾರು 5.5 ಲಕ್ಷ. ಅದೂ ತೋಟಕ್ಕೊಂದು, ಗುಡ್ಡಕ್ಕೊಂದು ಮನೆ. ಹಾಸಿಗೆ ತುಂಬದ ಕಡೆಗೆ ದೊಡ್ಡ ಆಸ್ಪತ್ರೆಯವರು ಯಾಕೆ ಬರುತ್ತಾರೆ? ಎದೆನೋವು ಬಂದವರನ್ನು ಮೈಸೂರಿಗೆ ಒಯ್ಯಬೇಕೆಂದರೆ ಮಡಿಕೇರಿಯಿಂದಲೇ ಸುಮಾರು 120 ಕಿಲೋಮೀಟರ್. 2019ರಲ್ಲಿ ನಮ್ಮವರು ಟ್ವಿಟರ್‌ನಲ್ಲಿ ತುರ್ತು ಆಸ್ಪತ್ರೆ ಬೇಕೆಂದು ಕೂಗಿದ್ದು ಸುಮ್ನೆ ಅಲ್ಲ. ನಷ್ಟ ತಡೆದುಕೊಂಡು ಇಲ್ಲಿ ಆಸ್ಪತ್ರೆ ನಡೆಸಬಲ್ಲದ್ದು ಸರ್ಕಾರ ಮಾತ್ರ.

ವಿರೋಧ

ಸಂಜೆಯ ಒಪಿಡಿ ಒಳ್ಳೆಯದೇ, ತರೋಣ. ಅದಕ್ಕೆ ಕೆಂಪು ಬಾವುಟ ಯಾಕೆ ಬೇಕು? 1957ರಲ್ಲಿ ಕಮ್ಯುನಿಸ್ಟ್ ನಾಯಕ ಇ.ಎಂ.ಎಸ್. ಕೇರಳದ ಮುಖ್ಯಮಂತ್ರಿ ಆಗುವ ಎಷ್ಟೋ ಮೊದಲೇ, ಈಗಿನ ದಕ್ಷಿಣ ಕೇರಳದಲ್ಲಿದ್ದ ತಿರುವಾಂಕೂರಿನ ಅರಸರು ಸಿಡುಬಿಗೆ ಲಸಿಕೆ ಹಾಕಿಸುತ್ತಿದ್ದರು. ಮಿಷನ್ ಆಸ್ಪತ್ರೆಗಳಿದ್ದವು, ಓದು ಬಲ್ಲ ತಾಯಂದಿರಿದ್ದರು. ಆಮೇಲೆ ಕಾಂಗ್ರೆಸ್ ಕೂಟವೂ ಆಳಿತು. ಆಗೇನೂ ಆಸ್ಪತ್ರೆಗಳಿಗೆ ಬೀಗ ಬೀಳಲಿಲ್ಲ. ಇವತ್ತಿಗೂ ಅಲ್ಲಿನ ಎಷ್ಟೋ ಜನ ಕೈಯಿಂದ ದುಡ್ಡು ಕೊಟ್ಟು ಖಾಸಗಿ ಆಸ್ಪತ್ರೆಗೇ ಹೋಗುತ್ತಾರೆ.

ಪಕ್ಷದ ಕೈಯಲ್ಲಿ ಆರೋಗ್ಯ ಸಿಕ್ಕರೆ ಏನಾಗುತ್ತದೆ ನೋಡಿ. ನಿಫಾ, ಕೊರೊನಾ ಕಾಲದಲ್ಲಿ ಹೆಸರು ಮಾಡಿದ ಕೇರಳದ ಆರೋಗ್ಯ ಮಂತ್ರಿ ಕೆ.ಕೆ. ಶೈಲಜಾ 2021ರಲ್ಲಿ ಮಟ್ಟನ್ನೂರಿನಿಂದ 60 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಕೊರೊನಾ ಇನ್ನೂ ಹೋಗಿರಲಿಲ್ಲ. ಆದರೂ ಅವರ ಪಕ್ಷ ಸಿಪಿಎಂ ‘ಹೊಸ ಮುಖ’ ಅಂತ ಅವರನ್ನು ಸಂಪುಟದಿಂದ ಬಿಟ್ಟಿತು.

ಇನ್ನು ನಮ್ಮ ಕಥೆ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಕಷ್ಟ ಇರುವುದು ಹಳ್ಳಿಗಳಲ್ಲಿ ಡಾಕ್ಟರನ್ನು ಉಳಿಸಿಕೊಳ್ಳುವುದರಲ್ಲಿ. ನಾನು ಕಂಡ ಒಬ್ಬ ಡಾಕ್ಟರಮ್ಮನ ಕ್ವಾರ್ಟರ್ಸಿನಲ್ಲಿ ಜುಲೈ ಮಳೆಗೆ ಅಡುಗೆಮನೆ, ಮಲಗುವ ಕೋಣೆ ಎರಡರಲ್ಲೂ ಬಕೆಟ್ ಇಟ್ಟಿದ್ದರು. ಮೂರು ದಿನದಿಂದ ಕರೆಂಟಿರಲಿಲ್ಲ. ಆ ಡಾಕ್ಟರಮ್ಮ ಸೆಪ್ಟೆಂಬರಿಗೆ ವರ್ಗ ಮಾಡಿಸಿಕೊಂಡು ಹೋದರು. ಅವರು ಕೇಳಿದ್ದು ಒಂದು ಟಾರ್ಪಾಲು.