ನಿಮಿಷಕ್ಕೆ ಹತ್ತು ವರ್ಷ

ಇಸ್ತಾಂಬುಲ್ ಗೆಲ್ಲೋಕೆ ಒಟ್ಟೋಮನ್ ಸುಲ್ತಾನ ಎರಡನೇ ಮೆಹಮದ್‌ಗೆ 53 ದಿನ ಹಿಡಿಯಿತು. 1453ರ ಏಪ್ರಿಲ್‌ನಲ್ಲಿ ಮುತ್ತಿಗೆ ಹಾಕಿದವನು ಊರೊಳಗೆ ಕಾಲಿಟ್ಟಿದ್ದು ಮೇ 29ಕ್ಕೆ. ಪಾಪ, ಅವನಿಗೆ ಹಿಡಿಯಬೇಕಾದ ಮುಂದಿನ ವಿಮಾನ ಇರಲಿಲ್ಲ. ನಮ್ಮ ಲೇಓವರ್ ವೀರರು, ಅಂದರೆ ವಿಮಾನ ಬದಲಿಸುವ ನಡುವಿನ ಬಿಡುವಿನಲ್ಲಿ ಊರು ನೋಡುವವರು, ಬೆಳಗ್ಗೆ ಇಳಿದು, ಸಂಜೆ ವಿಮಾನ ಹತ್ತುವುದರೊಳಗೆ ಅದೇ ಊರನ್ನು ಮುಗಿಸಿಬಿಡುತ್ತಾರೆ.

ಮೊದಲೆಲ್ಲ ಮುಂದಿನ ವಿಮಾನಕ್ಕೆ ಒಂಬತ್ತು ಗಂಟೆ ಕಾಯಬೇಕು ಅಂದರೆ ಜನ ಬೈಯುತ್ತಿದ್ದರು. ಈಗ ಅದು ಬೋನಸ್ಸು. ಆರರಿಂದ 24 ಗಂಟೆ ಕಾಯುವವರನ್ನು ಟರ್ಕಿಶ್ ಏರ್‌ಲೈನ್ಸ್ ಪುಕ್ಕಟೆಯಾಗಿ ಊರು ಸುತ್ತಿಸುತ್ತದೆ. ಪುಕ್ಕಟೆ ಸಿಕ್ಕ ಮೇಲೆ ಕೇಳಬೇಕಾ? ಆದರೆ ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಟರ್ಕಿಯ ಇ-ವೀಸಾ ಬೇಕಾದರೆ ಅಮೆರಿಕದ್ದೋ, ಬ್ರಿಟನ್ನಿನದೋ, ಐರ್ಲೆಂಡಿನದೋ, ಯುರೋಪಿನ ಷೆಂಗೆನ್ ದೇಶಗಳದೋ ವೀಸಾ ಮೊದಲೇ ಇರಬೇಕು. ನೀವು ಒಳ್ಳೆಯವರು ಅಂತ ಬೇರೆ ಯಾರಾದರೂ ಹೇಳಿದರೆ ಮಾತ್ರ ಇವರು ನಂಬುತ್ತಾರೆ. ಮೆಹಮದ್‌ಗೆ ಈ ತೊಂದರೆ ಇರಲಿಲ್ಲ. ಅವನ ಹತ್ತಿರ ಫಿರಂಗಿ ಇತ್ತು.

ಈಗ ಲೆಕ್ಕ ನೋಡಿ. ಇಮಿಗ್ರೇಷನ್ ಸಾಲಿಗೆ ಒಂದು ಗಂಟೆ. ವಿಮಾನ ನಿಲ್ದಾಣದಿಂದ ಹಳೇ ಊರಿಗೆ ಹೋಗಿ ಬರಲು ಎರಡೂವರೆ ಗಂಟೆ. ವಾಪಸ್ ಬಂದು ಮೂರು ಗಂಟೆ ಮೊದಲೇ ಹಾಜರಿರಬೇಕು. ಒಂಬತ್ತರಲ್ಲಿ ಉಳಿದಿದ್ದು 150 ನಿಮಿಷ. ಊರಿನ ಹೆಸರಾಂತ ಕಟ್ಟಡ ಹಾಗಿಯಾ ಸೋಫಿಯಾ ಎದ್ದು ನಿಂತಿದ್ದು 537ರಲ್ಲಿ. ಸುಮಾರು 1500 ವರ್ಷ. ಅಂದರೆ ನಿಮಿಷಕ್ಕೆ ಹತ್ತು ವರ್ಷ ನೋಡಿ ಮುಗಿಸಬೇಕು. ಸುಲ್ತಾನ್ ಸುಲೇಮಾನ್ 46 ವರ್ಷ ಆಳಿದ. ಶೌಚಾಲಯದ ಸಾಲಿನಲ್ಲಿ ನಿಂತಿದ್ದಾಗಲೇ ಅವನು ಪಟ್ಟಕ್ಕೆ ಬಂದು, ಯುದ್ಧ ಮಾಡಿ, ಸತ್ತೂ ಹೋಗಿರುತ್ತಾನೆ.

ಮುತ್ತಿಗೆಯ ಹೊತ್ತಿನಲ್ಲಿ ಬಂದರಿಗೆ ಅಡ್ಡ ಸರಪಳಿ ಬಿಗಿದಿದ್ದರು. ಅದಕ್ಕೆ ಮೆಹಮದ್ ಕೊಬ್ಬು ಸವರಿದ ದಿಮ್ಮಿಗಳ ಮೇಲೆ ಹಡಗುಗಳನ್ನೇ ಗುಡ್ಡ ಹತ್ತಿಸಿ ಆಚೆಗೆ ಇಳಿಸಿದ. ಕಲ್ಲು ಹಾಸಿದ ಬೀದಿಯಲ್ಲಿ ಚಕ್ರದ ಬ್ಯಾಗು ಎಳೆಯುವವರನ್ನು ನೋಡಿದರೆ ಅವನ ಕಷ್ಟವೇ ವಾಸಿ ಅನಿಸುತ್ತದೆ.

ಹಾಗಿಯಾ ಸೋಫಿಯಾ ಮೊದಲು ಚರ್ಚು, ಆಮೇಲೆ ಮಸೀದಿ, 1934ರ ತೀರ್ಮಾನದಂತೆ ಮ್ಯೂಸಿಯಂ, 2020ರಲ್ಲಿ ಮತ್ತೆ ಮಸೀದಿ. 2024ರಿಂದ ವಿದೇಶಿ ಪ್ರವಾಸಿಗರು 25 ಯೂರೋ ಕೊಟ್ಟು ಮಹಡಿ ಹತ್ತಬೇಕು, ಅಲ್ಲಿಂದಲೇ ಕೆಳಗೆ ಇಣುಕಬೇಕು. ಕಟ್ಟಡ ಇಷ್ಟು ಸಲ ವೇಷ ಬದಲಿಸಿದ್ದನ್ನು ಕೇಳಿಸಿಕೊಳ್ಳಲು ಪುರುಸೊತ್ತು ಯಾರಿಗಿದೆ? ಸೆಲ್ಫಿ ಆಯಿತು, ನಡೀರಿ. ಅದೇ ಮಹಡಿಯ ಅಮೃತಶಿಲೆಯ ಮೇಲೆ ಹಾಲ್ಫ್‌ದಾನ್ ಅನ್ನೋ ವೈಕಿಂಗ್ ಶತಮಾನಗಳ ಹಿಂದೆ ತನ್ನ ಹೆಸರು ಕೆತ್ತಿ ಹೋಗಿದ್ದಾನೆ. ಅವನ ಬಗ್ಗೆ ನನಗೆ ಗೌರವವಿದೆ. ಕಲ್ಲಿನಲ್ಲಿ ಕೆತ್ತಬೇಕಾದರೆ ಒಂದು ಕಡೆ ಸ್ವಲ್ಪ ಹೊತ್ತಾದರೂ ಕೂತಿರಲೇಬೇಕು, ಅಲ್ವಾ?

ಪಕ್ಕದಲ್ಲೇ ನೆಲದಡಿಯ ನೀರಿನ ತೊಟ್ಟಿ. 336 ಕಂಬ. ಎರಡು ಕಂಬಗಳ ಕೆಳಗೆ ಮೆಡೂಸಾಳ ತಲೆ. ಒಂದು ತಲೆಕೆಳಗು, ಇನ್ನೊಂದು ಅಡ್ಡ. ಅವಳನ್ನು ನೇರವಾಗಿ ನೋಡಿದವರು ಕಲ್ಲಾಗುತ್ತಾರೆ ಅಂತ ಗ್ರೀಕರ ಕತೆ. ಈಗ ಆ ಭಯ ಇಲ್ಲ. ಎಲ್ಲರೂ ಫೋನಿನಲ್ಲೇ ನೋಡುತ್ತಾರೆ.

ಹಿಂದೆ ರಥದ ಓಟ ನಡೆಯುತ್ತಿದ್ದ ಹಿಪ್ಪೊಡ್ರೋಮ್ ಮೈದಾನದಲ್ಲಿ ಈಜಿಪ್ಟಿನ ಕಲ್ಲುಕಂಬ ಒಂದಿದೆ. ಫೇರೋ ಮೂರನೇ ಥುಟ್ಮೋಸ್ ಕಾಲದ್ದು. ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ 390ರಲ್ಲಿ ಅದನ್ನು ಇಲ್ಲಿ ನಿಲ್ಲಿಸಿದ. ಹತ್ತಿರದ ಸರ್ಪಸ್ತಂಭ ಬಂದಿದ್ದು ಗ್ರೀಸಿನ ಡೆಲ್ಫಿಯಿಂದ. ಎರಡೂ ಟ್ರಾನ್ಸಿಟ್‌ನಲ್ಲಿ ಬಂದವೇ, ಕನೆಕ್ಷನ್ ಇನ್ನೂ ಸಿಕ್ಕಿಲ್ಲ. ಹಾವುಗಳ ತಲೆ ಕೂಡ ಕಾದು ಕಾದು ಉದುರಿಹೋಗಿದೆ. ನಮ್ಮ ವೀರರು ಮಾತ್ರ ಗಡಿಯಾರ ನೋಡಿ ಬಸ್ಸಿನ ಕಡೆ ಓಡುತ್ತಾರೆ.

ಊರಿಗೆ ಬಂದ ಮೇಲೆ ಇವರೆಲ್ಲ ಪಂಡಿತರು. ಟರ್ಕಿ ಜನರ ಸ್ವಭಾವ, ರಾಜಕೀಯ, ಲೀರಾದ ಬೆಲೆ, ಎಲ್ಲದಕ್ಕೂ ಉತ್ತರ ರೆಡಿ. ಯಾರಾದರೂ ಇಸ್ತಾಂಬುಲ್‌ಗೆ ಹತ್ತು ದಿನ ಹೋಗ್ತಿದ್ದೀವಿ ಅಂದರೆ ಸಾಕು, ಮರುಕದಿಂದ ನೋಡುತ್ತಾರೆ.

“ಹತ್ತು ದಿನಾನಾ? ಅಷ್ಟು ದಿನ ಅಲ್ಲಿ ನೋಡೋಕೆ ಏನ್ರೀ ಇದೆ?”

ಅವರಿಗೆ ಮುಂದಿನ ತಿಂಗಳು ರೋಮ್ ಇದೆ. ಏಳು ಗಂಟೆ.